ಒಂದು ದಿನ ತಡವಾಗಿ ಹುಟ್ಟಿದವಳು

ನನ್ನ ಮೊಮ್ಮಗಳು ಹುಟ್ಟಿದ್ದು ಜೂನ್ ಎರಡಕ್ಕೆ. ಇದನ್ನು ಹೇಳುವಾಗ ಸೊಸೆ ಈಗಲೂ ಒಂದು ನಿಟ್ಟುಸಿರು ಬಿಡುತ್ತಾಳೆ. ಒಂದನೇ ತರಗತಿಗೆ ಸೇರಬೇಕಾದರೆ ಜೂನ್ ಒಂದಕ್ಕೆ ಆರು ವರ್ಷ ತುಂಬಿರಬೇಕೆಂಬ ಸರ್ಕಾರದ ಲೆಕ್ಕ ಬಂದಮೇಲಂತೂ ಆ ನಿಟ್ಟುಸಿರು ಇನ್ನಷ್ಟು ಉದ್ದವಾಗಿದೆ. "ಒಂದೇ ಒಂದು ದಿನ ಮುಂಚೆ ಹುಟ್ಟಿದ್ರೆ ಒಂದು ವರ್ಷ ಉಳೀತಿತ್ತು ಮಾವ" ಎಂದು ನನ್ನ ಮುಖ ನೋಡುತ್ತಾಳೆ. ಆ ನೋಟದ ಅರ್ಥ ನನಗೆ ಗೊತ್ತು. ಮೂವತ್ತಮೂರು ವರ್ಷ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಾಗಿದ್ದವನು ನಾನು. ಎಷ್ಟು ಮಕ್ಕಳಿಗೆ ಜೂನ್ ಒಂದನ್ನು ಹಂಚಿದ್ದೇನೋ ಲೆಕ್ಕವಿಲ್ಲ. ಸ್ವಂತ ಮೊಮ್ಮಗಳಿಗೆ ಒಂದು ದಿನ ಹಿಂದಕ್ಕೆ ಸರಿಸಿಕೊಡುವ ಯೋಗ ಇರಲಿಲ್ಲ. ಈಗ 21 ದಿನದೊಳಗೆ ಜನನ ನೋಂದಣಿ ಆಗಿ ಮುದ್ರೆಯೂ ಬಿದ್ದಿರುತ್ತದೆ, ಮೇಷ್ಟ್ರ ಪೆನ್ನಿಗೆ ಅಲ್ಲಿ ಕೆಲಸವಿಲ್ಲ.

ಹಂಚಿದೆ ಎಂದರೆ ಬೇಕೆಂದು ಹಂಚಿದ್ದಲ್ಲ. ಎಂಬತ್ತರ ದಶಕದಲ್ಲಿ ಕಡೂರು, ತರೀಕೆರೆ ತಾಲ್ಲೂಕಿನ ಹಳ್ಳಿಗಳಲ್ಲಿ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳಲು ಮನೆಮನೆ ತಿರುಗುತ್ತಿದ್ದೆವು. ಹುಟ್ಟಿದ ದಿನ ಯಾವುದು ಎಂದರೆ ಅಪ್ಪ ಅಮ್ಮನ ಮುಖ ನೋಡುತ್ತಿದ್ದ, ಅಮ್ಮ ಅಜ್ಜಿಯ ಮುಖ ನೋಡುತ್ತಿದ್ದಳು. ಅಜ್ಜಿಗೆ ಮಾತ್ರ ಎಲ್ಲ ಖಚಿತ. "ಅಂತರಘಟ್ಟಮ್ಮನ ಜಾತ್ರೆಗೆ ಗಾಡಿ ಕಟ್ಟಿದ್ವಲ್ಲ, ಗಾಡಿ ಊರ ಬಾಗ್ಲು ದಾಟಿರ್ಲಿಲ್ಲ, ಇವ್ನು ಹುಟ್ದ." ಯಾವ ವರ್ಷದ ಜಾತ್ರೆ ಅಜ್ಜಿ? "ಈರುಳ್ಳಿ ಕೇಳೋರಿಲ್ದೆ ತಿಪ್ಪೆಗೆ ಸುರಿದ್ವಲ್ಲ, ಆ ವರ್ಷ." ಅಜ್ಜಂಪುರದ ಕಡೆ ಈರುಳ್ಳಿ ತಿಪ್ಪೆಗೆ ಬೀಳದ ವರ್ಷಗಳನ್ನು ಎಣಿಸುವುದೇ ಸುಲಭ. ಇನ್ನೊಂದು ಮನೆಯಲ್ಲಿ ಮದಗದ ಕೆರೆ ಕೋಡಿ ಬಿದ್ದ ವಾರ, ಮತ್ತೊಂದು ಮನೆಯಲ್ಲಿ ಎಮ್ಮೆ ಈದ ಮಾರನೇ ದಿನ. ಇವೆಲ್ಲ ಸುಳ್ಳಲ್ಲ. ಆದರೆ ದಾಖಲಾತಿ ಪುಸ್ತಕದ ಅಂಕಣಕ್ಕೆ ಎಮ್ಮೆಯಾಗಲಿ ಕೆರೆಯಾಗಲಿ ಹಿಡಿಸುವುದಿಲ್ಲ. ಕೊನೆಗೆ ಹುಡುಗನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಕಿವಿ ಮುಟ್ಟಿಸುವುದು. ಮುಟ್ಟಿತೋ, ವಯಸ್ಸಾಯಿತು. ಬರೆ, ಜೂನ್ ಒಂದು.

ಅದೇ ಕಾಲಕ್ಕೆ ನಮ್ಮ ಅಜ್ಜಂಪುರದ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರದಲ್ಲಿ ಕರು ಹುಟ್ಟಿದರೆ ಹುಟ್ಟಿದ ದಿನ, ತಾಯಿಯ ನಂಬರು, ತಂದೆಯ ನಂಬರು ಎಲ್ಲ ಬರೆದಿಡುತ್ತಿದ್ದರು. 1929ರಿಂದ ಇರುವ ಕೇಂದ್ರ ಅದು. ಅಮೃತಾಪುರದ ಅಮೃತೇಶ್ವರ ದೇವಸ್ಥಾನಕ್ಕೂ ಹುಟ್ಟಿದ ವರ್ಷ ಗೊತ್ತು, 1196. ಕಲ್ಲಿಗೆ ಇದೆ, ಕರುವಿಗೆ ಇದೆ, ನಮಗೆ ಇರಲಿಲ್ಲ. ನಾನು, ನನ್ನ ಹೆಂಡತಿ, ನನ್ನ ತಮ್ಮ, ಮೂವರೂ ಕಾಗದದ ಮೇಲೆ ಜೂನ್ ಒಂದರ ಸಂತಾನ. ಹಾಗಾಗಿ ಹುಟ್ಟುಹಬ್ಬ ಮಾಡುವುದು ಹೇಗೆ ಎಂಬ ವಿದ್ಯೆ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಪುಟ್ಟಿಗೆ ನಾಲ್ಕು ತುಂಬುವ ಹೊತ್ತಿಗೆ ಆ ವಿದ್ಯೆ ಕಲಿಯಲೇಬೇಕಾಯಿತು. ಮಗ ಸೊಸೆ ಬೆಂಗಳೂರಿನಲ್ಲಿ, ಮಗಳು ಕಡೂರಿನಲ್ಲಿ, ಬೀಗರು ತರೀಕೆರೆಯಲ್ಲಿ. ಬೇಸಿಗೆ ರಜಕ್ಕೆ ಮಗು ನಮ್ಮಲ್ಲಿಗೆ ಬಂದಿತ್ತು. ಅದಕ್ಕೆ ಒಂದು ಗಟ್ಟಿ ನಂಬಿಕೆ ಇದೆ: ಅಜ್ಜ ಇರುವುದರಿಂದಲೇ ಈ ಊರಿಗೆ ಅಜ್ಜಂಪುರ ಎಂದು ಹೆಸರು. ಹಾಗಾದರೆ ತರೀಕೆರೆಗೆ ಅಜ್ಜಿಂಪುರ ಎಂದು ಯಾಕೆ ಇಟ್ಟಿಲ್ಲ ಎಂದು ಬೀಗಿತ್ತಿಯನ್ನು ಕೇಳಿದೆಯಂತೆ. ಬೀಗಿತ್ತಿ ಅದನ್ನು ನನಗೆ ಫೋನಿನಲ್ಲಿ ಹೇಳಿದ ದನಿಯಲ್ಲಿ ಸ್ವಲ್ಪ ಅಸಮಾಧಾನವೂ ಇತ್ತು.

ಎಲ್ಲಿ ಮಾಡುವುದು ಎಂಬುದೇ ಮೊದಲ ಜಗಳ. ಕಡೂರಿನಲ್ಲಿ ಪಾರ್ಟಿ ಹಾಲ್ ಇದೆ, ಬಲೂನಿನ ಕಮಾನು ಅವರೇ ಕಟ್ಟಿಕೊಡುತ್ತಾರೆ, ನಮ್ಮದು ಹಳೇ ಜಿಲ್ಲಾ ಕೇಂದ್ರ ಎಂದು ಮಗಳ ವಾದ. ಜಿಲ್ಲಾ ಕೇಂದ್ರ ಅಲ್ಲಿಂದ ಚಿಕ್ಕಮಗಳೂರಿಗೆ ಹೋಗಿ 150 ವರ್ಷ ದಾಟಿದೆ, ಹೆಸರಾದರೂ 1947ರವರೆಗೆ ಉಳಿದಿತ್ತು, ಕಡೂರಿನವರಿಗೆ ಬಿಂಕ ಮಾತ್ರ ಈಗಲೂ ಉಳಿದಿದೆ. ತರೀಕೆರೆಯವರದು ಇನ್ನೊಂದು ವಾದ: ನಮ್ಮ ತೋಟದಲ್ಲಿ ಮಾಡೋಣ, ಅಡಿಕೆ ಮರದ ನೆರಳಿದೆ, ಹಲಸು ಹಣ್ಣಾಗಿದೆ, ಶಾಮಿಯಾನದ ಖರ್ಚೂ ಇಲ್ಲ. ನಾನು ಬಾಯಿಬಿಡಲಿಲ್ಲ. ಬೀರೂರು ಜಂಕ್ಷನ್ನಿನಲ್ಲಿ ಹಳಿ ಕವಲೊಡೆದು ಒಂದು ತರೀಕೆರೆಗೆ, ಇನ್ನೊಂದು ನಮ್ಮ ಊರಿಗೆ ಬರುತ್ತದೆ. ಕಡೂರು ಅಲ್ಲಿಂದ ಆರೇಳು ಕಿಲೋಮೀಟರ್. ಎಲ್ಲರಿಗೂ ಸಮವಾಗಬೇಕಾದರೆ ಬೀರೂರು ಸ್ಟೇಷನ್ನಿನ ಪ್ಲಾಟ್‌ಫಾರಮ್ಮಿನಲ್ಲೇ ಕೇಕ್ ಕತ್ತರಿಸಬೇಕು ಎಂದು ಮಗ ರೇಗಿದ. ಕೊನೆಗೆ ಅಜ್ಜಂಪುರವೇ ಗೆದ್ದದ್ದು ನನ್ನ ವಯಸ್ಸಿಗೆ ಮರ್ಯಾದೆ ಕೊಟ್ಟಲ್ಲ, ಮಗು ಅಲ್ಲಿಂದ ಕದಲುವುದಿಲ್ಲ ಎಂದು ಹಟ ಹಿಡಿದದ್ದಕ್ಕೆ. ಯಾಕೆಂದರೆ ಅದು ಆಗಲೇ ಊರೆಲ್ಲ ಕರೆದು ಬಂದಿತ್ತು.

ಯಾರ್ಯಾರನ್ನು ಕರೆದಿದ್ದೀ ಎಂದು ಕೇಳಿದೆ. ಪಕ್ಕದ ಮನೆಯ ಅವಳಿ ಹುಡುಗರು, ಟೈಲರ ಮಗಳು, ಎದುರುಮನೆಯ ಅಂಗನವಾಡಿಗೆ ಹೋಗುವ ಪೋರ, ಹಾಲು ತರುವ ಅಣ್ಣ, ಹಾಲು ಕೊಡುವ ಹಸು, ಹಸುವಿನ ಕರು. "ಕರು ಬರ್ತೀನಿ ಅಂದಿದೆ ಅಜ್ಜ." ಸೊಸೆಯ ಪಟ್ಟಿಯಲ್ಲಿ ಎಂಬತ್ತು ಹೆಸರಿತ್ತು. ಅದರಲ್ಲಿ ಮಕ್ಕಳನ್ನು ಎಣಿಸಿದೆ: ಹನ್ನೊಂದು. ಉಳಿದವರೆಲ್ಲ ನಾವು ಯಾರ್ಯಾರ ಮನೆಯ ನಾಮಕರಣ, ಗೃಹಪ್ರವೇಶಕ್ಕೆ ಮುಯ್ಯಿ ಹಾಕಿ ಬಂದಿದ್ದೆವೋ ಅವರು. ಮುಯ್ಯಿ ತಿರುಗಿ ಬರಬೇಕಾದದ್ದು ನ್ಯಾಯವೇ, ಅದಕ್ಕೆ ಮಗುವಿನ ನಾಲ್ಕನೇ ವರ್ಷವೇ ಬೇಕೇ ಎಂದು ಕೇಳಿದೆ. ಒಂದು ದಿನ ಮಾತು ಬಿಟ್ಟಳು. ಆಮೇಲೆ ಅವಳೇ ಎಂಬತ್ತನ್ನು ಇಪ್ಪತ್ತೈದಕ್ಕೆ ಇಳಿಸಿದಳು.

ಹೊತ್ತಿನ ವಿಷಯದಲ್ಲಿ ಮಾತ್ರ ನಾನು ಮೇಷ್ಟ್ರಗಿರಿ ಬಿಡಲಿಲ್ಲ. ಸಂಜೆ ಏಳಕ್ಕೆ ಲೈಟು ಹಾಕಿ ಮಾಡುವ ಹುಟ್ಟುಹಬ್ಬಗಳನ್ನು ನೋಡಿದ್ದೇನೆ. ಕೇಕಿನ ಮುಂದೆ ನಿಂತ ಮಗು ಜರಿ ಲಂಗ ಚುಚ್ಚಿ, ನಿದ್ದೆ ಒತ್ತಿ ಬಂದು ಅಳುತ್ತಿರುತ್ತದೆ, ಸುತ್ತ ನಲವತ್ತು ಜನ ಮೊಬೈಲು ಎತ್ತಿಕೊಂಡು "ಇಲ್ನೋಡು, ಇಲ್ನೋಡು" ಎನ್ನುತ್ತಿರುತ್ತಾರೆ. ನಾಲ್ಕು ವರ್ಷದ ಕೂಸಿಗೆ ಬೆಳಿಗ್ಗೆ ಹತ್ತೂವರೆಯಿಂದ ಹನ್ನೆರಡೂವರೆ, ಅಲ್ಲಿಗೆ ಮುಗಿಯಿತು. ಎರಡು ತಾಸಿನ ಮೇಲೆ ಒಂದನೇ ತರಗತಿಯನ್ನು ಹಿಡಿದಿಡಲು ನನ್ನಿಂದಲೇ ಆಗುತ್ತಿರಲಿಲ್ಲ, ಬೆತ್ತ ಇದ್ದ ಕಾಲದಲ್ಲಿ.

ಕೇಕು ಹೇಳಲು ಬಸ್ ಸ್ಟ್ಯಾಂಡಿನ ಹತ್ತಿರದ ಬೇಕರಿಗೆ ಹೋದೆ. ಗಲ್ಲಾದಲ್ಲಿ ಕೂತವನು ನನ್ನ ಹಳೇ ವಿದ್ಯಾರ್ಥಿ. ಎದ್ದು ನಿಂತ. "ಒಂದನೇ ತಾರೀಕಿಗೆ ಮಾತ್ರ ಕೇಳ್ಬ್ಯಾಡಿ ಸಾರ್, ಅವತ್ತು ಊರಿಗೆ ಊರೇ ಹುಟ್ಟೈತೆ. ಎಲ್ಲಾ ನೀವು ಮಾಡಿದ್ದೇ." ಈಗ ಫೇಸ್‌ಬುಕ್ಕು ವಾಟ್ಸ್ಯಾಪು ಬಂದು ಯಾವ ಕಾಗದದ ತಾರೀಕನ್ನೂ ಮರೆಯಲು ಬಿಡುವುದಿಲ್ಲ, ಐವತ್ತು ದಾಟಿದವರೂ ಗೆಳೆಯರ ಕಾಟಕ್ಕೆ ಜೂನ್ ಒಂದಕ್ಕೆ ಕೇಕು ಕತ್ತರಿಸುತ್ತಾರಂತೆ. ಎರಡಕ್ಕೆ ಬೇಕಪ್ಪ ಎಂದೆ. "ಎರಡು ಆರಾಮು ಸಾರ್. ಎರಡಕ್ಕೆ ನಿಜವಾಗ್ಲೂ ಹುಟ್ಟಿದೋರು ಮಾತ್ರ ಬರ್ತಾರೆ." ನೀನು ನಿಜವಾಗಿ ಯಾವಾಗ ಹುಟ್ಟಿದ್ದು ಎಂದು ಕೇಳಿದೆ. "ಅವ್ವನ್ನ ಕೇಳ್ಬೇಕಿತ್ತು ಸಾರ್, ಕೇಳ್ದೇ ಹೋದೆ" ಎಂದು ಚೀಟಿ ಬರೆಯತೊಡಗಿದ.

ಕೇಕಿನ ಮೇಲೆ ಬೆಣ್ಣೆ ಹಾಕುತ್ತೀಯೋ ಎಂದು ಕೇಳಿದ್ದಕ್ಕೆ ನಕ್ಕ. ಈಗಿನ ಕ್ರೀಮಿನಲ್ಲಿ ಬಹುಪಾಲು ಇರುವುದು ತಾಳೆಯಂಥ ಗಿಡದೆಣ್ಣೆ, ಸಕ್ಕರೆ, ಗಾಳಿ. ನಮ್ಮ ಅಮೃತಮಹಲ್ ಮೈಸೂರು ಅರಸರ ಕಾಲದಲ್ಲಿ ಬೆಣ್ಣೆ ಚಾವಡಿ ಎನಿಸಿಕೊಂಡಿತ್ತು, ಟಿಪ್ಪುವಿನ ಕಾಲಕ್ಕೆ ಈಗಿನ ಹೆಸರು ಬಂತು. ಬೆಣ್ಣೆ ಚಾವಡಿಯ ಊರಲ್ಲಿ ಬೆಣ್ಣೆಯಿಲ್ಲದ ಕೇಕು. ಒಂದು ಕೆ.ಜಿ. ಸಾಕು ಎಂದೆ. ಉಳಿದ ತಿಂಡಿ ಮನೆಯದೇ: ಖಾರ ಕಮ್ಮಿ ಹಾಕಿದ ಚಿತ್ರಾನ್ನ, ಕಡೂರಿಂದ ಮಗಳು ತಂದ ಕೊಬ್ಬರಿ ಮಿಠಾಯಿ, ತರೀಕೆರೆಯ ಹಲಸಿನ ತೊಳೆ ಬೀಜ ಬಿಡಿಸಿ ಸೀಳಿದ್ದು. ದೊಡ್ಡವರಿಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಮಕ್ಕಳ ಮಂಡಕ್ಕಿಗೆ ಇಡಿ ಶೇಂಗಾ ಹಾಕಬೇಡ ಎಂದು ಹೆಂಡತಿಗೆ ಹೇಳಿದೆ. ಓಡುತ್ತಾ ನಗುತ್ತಾ ತಿನ್ನುವ ಕೂಸಿನ ಗಂಟಲಿಗೆ ಅದು ಸಿಕ್ಕಿಕೊಂಡರೆ ಕಷ್ಟ.

ಮನೆಯೊಳಗೆ ಕಾಲಿಡಬಾರದು ಎಂದು ನಾನು ತಡೆದ ಸಾಮಾನು ಎರಡೇ. ಒಂದು, ನೊರೆ ಚಿಮ್ಮಿಸುವ ಸ್ಪ್ರೇ ಡಬ್ಬಿ. ಅದರೊಳಗೆ ತುಂಬಿರುವುದು ಹೆಚ್ಚುಕಡಿಮೆ ಅಡುಗೆ ಗ್ಯಾಸಿನ ಜಾತಿಯದೇ, ಹೊತ್ತಿಸಿದ ಮೇಣದಬತ್ತಿಯ ಕಡೆಗೆ ಅದನ್ನು ಒತ್ತಿದರೆ ಏನಾಗುತ್ತದೆ ಎಂದು ಅಡುಗೆಮನೆಯಲ್ಲಿ ನಿಲ್ಲುವವರಿಗೆ ವಿವರಿಸಬೇಕಿಲ್ಲ. ಇನ್ನೊಂದು, ಮೇಲಕ್ಕೆ ತೇಲುವ ಗ್ಯಾಸ್ ಬಲೂನು. ಜಾತ್ರೆಯಲ್ಲಿ ಮಾರುವವರು ಎಷ್ಟೋ ಸಲ ಹೈಡ್ರೋಜನ್ ತುಂಬಿರುತ್ತಾರೆ, ಅದಕ್ಕೂ ಬೆಂಕಿಗೂ ಆಗಿಬರುವುದಿಲ್ಲ. ಬಾಯಲ್ಲಿ ಊದಿದ ಬಲೂನು ಇಪ್ಪತ್ತು ಕಟ್ಟಿದೆವು, ಒಡೆದದ್ದರ ಚೂರನ್ನು ಆಯ್ದು ಕಿಸೆಗೆ ಹಾಕಿಕೊಳ್ಳುವ ಕೆಲಸ ನನಗೆ ಬಿತ್ತು. ಚೂರು ಬಲೂನನ್ನು ಬಾಯಿಗಿಟ್ಟು ಎಳೆಯುವುದು ನಾಲ್ಕು ವರ್ಷದವರ ಕಲೆ.

ಮೇಣದಬತ್ತಿ ಆರಿಸುವುದರ ಬಗ್ಗೆ ಹೆಂಡತಿಗೂ ಸೊಸೆಗೂ ಸಣ್ಣ ಮಾತುಕತೆ ನಡೆಯಿತು. ದೀಪವನ್ನು ಆರಿಸು ಎಂಬ ಮಾತನ್ನೇ ಆಡದೆ ಶಾಂತ ಮಾಡು ಎನ್ನುವವಳು ನನ್ನ ಹೆಂಡತಿ. ಬೆಳಿಗ್ಗೆ ಎಣ್ಣೆನೀರು ಹಾಕಿ, ಆರತಿ ಎತ್ತಿ, ದೇವರ ಮುಂದಿನ ದೀಪ ಅದರ ಪಾಡಿಗೆ ಉರಿಯಲಿ, ಕೇಕಿನ ಬತ್ತಿಯನ್ನು ಮಗು ಊದಲಿ ಎಂದು ತೀರ್ಮಾನವಾಯಿತು. ಊದುವಾಗ ಎಂಜಲು ಕೇಕಿನ ಮೇಲೆ ಬೀಳುತ್ತದೆ ಎಂದು ಒಂದು ಸಣ್ಣ ತುಂಡಿಗೆ ಬತ್ತಿ ಚುಚ್ಚಿ ಬೇರೆ ತಟ್ಟೆಯಲ್ಲಿ ಇಡುವ ಉಪಾಯ ಹೇಳಿದವಳೂ ನನ್ನ ಹೆಂಡತಿಯೇ.

ಆಟದ ವಿಷಯಕ್ಕೆ ಬಂದರೆ, ಮ್ಯೂಸಿಕಲ್ ಚೇರ್ ಇಡೋಣ ಎಂದ ಮಗ. ಬೇಡ ಎಂದೆ. ಆ ಆಟದಲ್ಲಿ ಒಂಬತ್ತು ಮಕ್ಕಳಿದ್ದರೆ ಎಂಟು ಅಳುತ್ತವೆ, ಒಂಬತ್ತನೆಯದು ಉಳಿದವು ಅಳುತ್ತಿರುವುದನ್ನು ನೋಡಿ ಅಳುತ್ತದೆ. ಔಟ್ ಎನ್ನುವ ಮಾತು ನಾಲ್ಕು ವರ್ಷದ ಮಗುವಿಗೆ ಹೊಂದುವುದಿಲ್ಲ. ಹಾಗಾದರೆ ಏನಾಡಿಸುವುದು? ತರೀಕೆರೆ ಎಂದ ಕೂಡಲೆ ಕನ್ನಡದ ಮಕ್ಕಳಿಗೆಲ್ಲ ನೆನಪಾಗುವ, ಕೆರೆ ಏರಿಯ ಮೇಲೆ ಕರಿ ಕುರಿಮರಿಗಳು ಮೇಯುವ ಆ ನಾಲಗೆ ತೊಡರಿನ ಮಾತು ಇದೆಯಲ್ಲ, ಅದನ್ನು ಬೀಗರಿಂದಲೇ ಹೇಳಿಸಿದೆವು. ತರೀಕೆರೆಯಲ್ಲೇ ಹುಟ್ಟಿ ಬೆಳೆದ ಬೀಗರು ಎರಡನೇ ಸುತ್ತಿಗೆ ಕುರಿಯನ್ನು ಕೆರೆಗೆ ತಳ್ಳಿ ಮರಿಯನ್ನು ಏರಿ ಮಾಡಿದರು. ಮಕ್ಕಳು ಬಿದ್ದು ಬಿದ್ದು ನಕ್ಕವು. ಆ ದಿನ ಇದ್ದಷ್ಟೂ ಹೊತ್ತು ಬೀಗರ ಹೆಸರೇ ಕರಿ ಕುರಿ ಅಜ್ಜ. ಅವರು ಬೇಸರ ಮಾಡಿಕೊಳ್ಳಲಿಲ್ಲ, ಅದೇ ದೊಡ್ಡದು.

ಆಮೇಲೆ ಕೆರೆ-ದಡ. ಅಂಗಳದಲ್ಲಿ ಸೀಮೆಸುಣ್ಣದಿಂದ ದೊಡ್ಡ ಸೊನ್ನೆ ಎಳೆದೆ. ಸೊನ್ನೆಯೊಳಗೆ ಕೆರೆ, ಹೊರಗೆ ದಡ. ನಾನು ಕೆರೆ ಎಂದರೆ ಒಳಗೆ ಹಾರಬೇಕು, ದಡ ಎಂದರೆ ಹೊರಗೆ. ಈ ಸೀಮೆಯವರಿಗೆ ಹೇಳಿಕೊಡಬೇಕಾದ ಆಟವೇ ಅಲ್ಲ. ಸಖರಾಯಪಟ್ಟಣದ ಅಯ್ಯನಕೆರೆ, ಮದಗದ ಕೆರೆ, ಹೆಸರಲ್ಲೇ ಕೆರೆ ಹೊತ್ತ ತರೀಕೆರೆ, ನಮ್ಮ ಹಿರಿಯರು ಮಳೆಗಾಲವೆಲ್ಲ ಏರಿಯ ಮೇಲೆ ನಿಂತು ಆಡಿದ್ದು ಇದನ್ನೇ. ತಪ್ಪು ಹಾರಿದವರು ಔಟಿಲ್ಲ, ಅವರೇ ಬಂದು ಮುಂದಿನ ಸಲ ಕೂಗಬೇಕು ಎಂದು ನಿಯಮ ಬದಲಿಸಿದೆ. ಅಷ್ಟೇ ಸಾಕಾಯಿತು, ಎಲ್ಲರೂ ಬೇಕೆಂದೇ ತಪ್ಪು ಹಾರತೊಡಗಿದರು. ಅಂಗನವಾಡಿಯ ಪೋರ "ಕೆರೆ" ಎಂದು ಕೂಗಿ ತಾನೇ ದಡಕ್ಕೆ ಹಾರಿ ಮತ್ತೆ ಕೂಗುವ ಹಕ್ಕು ಪಡೆದ. ಕರು ಬಂದಿತ್ತು, ನಿಜಕ್ಕೂ. ಹಾಲಿನ ಅಣ್ಣ ಹಗ್ಗ ಹಿಡಿದು ತಂದು ತೆಂಗಿನ ಮರಕ್ಕೆ ಕಟ್ಟಿದ್ದ.

ಹನ್ನೆರಡಕ್ಕೆ ಕೇಕು ಎಂದು ಸೊಸೆ ಒಳಗಿಂದ ಕರೆದಳು. ಆ ಹೊತ್ತಿಗೆ ಸರಿಯಾಗಿ ಬಾಬಾಬುಡನ್‌ಗಿರಿ ಕಡೆಯಿಂದ ಕಪ್ಪಾಗಿದ್ದ ಮೋಡ ನಮ್ಮ ಊರಿನ ತನಕ ಬಂದೇಬಿಟ್ಟಿತು. ರೋಹಿಣಿ ಮಳೆ. ಅದು ಬಯಲುಸೀಮೆಯ ನಮ್ಮ ಊರಿಗೆ ಹೀಗೆ ಕರೆಯದೆ ಬರುವುದು ಅಪರೂಪ. ದೊಡ್ಡವರು ಬಲೂನು, ಕುರ್ಚಿ, ಬಜ್ಜಿಯ ತಟ್ಟೆ ಹಿಡಿದು ಒಳಗೆ ಓಡಿದರು. ಹಾಲಿನ ಅಣ್ಣ ಕರುವನ್ನು ಜಗುಲಿಗೆ ಹತ್ತಿಸಿದ. ಸೀಮೆಸುಣ್ಣದ ಗೆರೆ ಕರಗಿ ಹೋಯಿತು, ಅಂಗಳದ ತಗ್ಗಿನಲ್ಲಿ ನೀರು ನಿಂತಿತು, ಮಕ್ಕಳು ಅದರೊಳಗೇ ನಿಂತಿದ್ದವು.

"ದಡ!" ಎಂದು ಜಗುಲಿಯಿಂದ ಕೂಗಿದೆ.

ಯಾರೂ ಹಾರಲಿಲ್ಲ. ಪುಟ್ಟಿ ಹೊಸ ಲಂಗವನ್ನು ಮೊಣಕಾಲಿನ ತನಕ ಎತ್ತಿ ಹಿಡಿದು, ನನ್ನನ್ನು ನೋಡಿ, "ಕೆರೆ ಅಜ್ಜ, ಕೆರೆ" ಎಂದು ತಿದ್ದಿದಳು. ಸೊಸೆ ಬಾಗಿಲಲ್ಲಿ ಕೇಕಿನ ಚಾಕು ಹಿಡಿದು ನಿಂತಿದ್ದಳು. ಬೀಗರು ಪಂಚೆ ಮೇಲಕ್ಕೆ ಕಟ್ಟಿ, ಚಪ್ಪಲಿ ಬಿಟ್ಟು, ಅಂಗಳಕ್ಕೆ ಇಳಿದರು.