ಎಂಟು ದಿನದ ಬಿಳುಪು

ಹೋದ ಭಾನುವಾರ ಪಕ್ಕದ ಮನೆಯ ಹುಡುಗಿ ಒಂದು ಟ್ಯೂಬ್ ಹಿಡಿದುಕೊಂಡು ಬಂದಳು. ಸೆಕೆಂಡ್ ಪಿಯುಸಿ ಓದುತ್ತಿದ್ದಾಳೆ. "ಅಕ್ಕ, ಇದ ಹಚ್ಕಂಡ್ರೆ ಎಂಟೇ ದಿನಕ್ಕೆ ಮೊಡವೆ ಓಯ್ತದಂತೆ, ಬೆಳ್ಳಗೂ ಆಯ್ತೀವಂತೆ. ದಿಟವಾ?" ಅಂದಳು. ಟ್ಯೂಬ್ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿದೆ. ಕಂಪನಿ ಬೇರೆ, ಒಳಗಿನ ಔಷಧಿ ನಾನು ಹಚ್ಚಿಕೊಂಡಿದ್ದೇ.

ಆಗ ನನಗೂ ಅವಳದೇ ವಯಸ್ಸು. ಕೋಟೆ ಸೀಮೆಯಲ್ಲಿ ಹೊಗೆಸೊಪ್ಪು ಬೆಳೆಯುವ ಮನೆಯವರಿಗೆ ಜುಲೈ, ಆಗಸ್ಟ್ ಹೇಗಿರುತ್ತದೆ ಅಂತ ಹೇಳಬೇಕಿಲ್ಲ. ಕಾಲೇಜಿಂದ ಬಂದ ತಕ್ಷಣ ಹೊಲಕ್ಕೆ ಇಳಿಯಬೇಕು, ಸೊಪ್ಪು ಮುರಿದು ತಂದು ಕಡ್ಡಿಗೆ ಕಟ್ಟಬೇಕು. ಕೈಯೆಲ್ಲ ಕಪ್ಪು ಅಂಟು. ಅದೇ ಕೈಯಲ್ಲಿ ಮುಖದ ಬೆವರು ಒರೆಸಿಕೊಳ್ಳುವುದು, ರಾತ್ರಿ ಬ್ಯಾರನ್ ಮುಂದೆ ಬೆಂಕಿಯ ಝಳ. ಸಾಲದ್ದಕ್ಕೆ ತಲೆತುಂಬ ಕೊಬ್ಬರಿ ಎಣ್ಣೆ, ಅದು ಕರಗಿ ಹಣೆ ಮೇಲೆ ಇಳಿಯುತ್ತಿತ್ತು. ಹಣೆ, ಕೆನ್ನೆ ಎಲ್ಲ ಕಡೆ ಗುಳ್ಳೆ. ಕ್ಲಾಸಿನಲ್ಲಿ ನನಗೆ ಹಲಸಿನಕಾಯಿ ಅಂತ ಹೆಸರಿಟ್ಟಿದ್ದರು. ಕಾಲೇಜಿಗೆ ಹೋಗುವುದೇ ಬೇಡ ಅನ್ನಿಸಿಬಿಟ್ಟಿತ್ತು.

ಅಜ್ಜಿ ಮಾತ್ರ ತಲೆ ಕೆಡಿಸಿಕೊಂಡಿರಲಿಲ್ಲ. "ಪ್ರಾಯದ ಗುಳ್ಳೆ ಕನವ್ವ, ತಾನೇ ಬತ್ತದೆ, ತಾನೇ ಓಯ್ತದೆ. ಕಿತ್ಕಬ್ಯಾಡ ಅಷ್ಟೆ" ಅನ್ನುತ್ತಿತ್ತು. ಕಡಲೆಹಿಟ್ಟಿಗೆ ನೀರು ಕಲಸಿ ಮುಖ ತೊಳೆಸುತ್ತಿತ್ತು. ಹಿತ್ತಲ ಬೇಲಿಯ ಲೋಳೆಸರ ಮುರಿದು, ಅದರ ಹಳದಿ ಹಾಲು ಪೂರ್ತಿ ಸುರಿದು ಹೋಗುವವರೆಗೆ ಗೋಡೆಗೆ ಒರಗಿಸಿಟ್ಟು, ಆಮೇಲೆ ತೊಳೆದು ಒಳಗಿನ ತಿರುಳು ಮಾತ್ರ ಹಚ್ಚುತ್ತಿತ್ತು. ಒಂದು ಸಲ ನಾನೇ ಅವಸರಕ್ಕೆ ಹಾಲು ಸಮೇತ ಹಚ್ಚಿಕೊಂಡು ರಾತ್ರಿಯೆಲ್ಲ ಕೆರೆದುಕೊಂಡಿದ್ದೆ.

ಅಜ್ಜಿಯ ಮದ್ದಿನಿಂದ ತಂಪಾಗುತ್ತಿತ್ತು, ಆದರೆ ಗುಳ್ಳೆ ಹೋಗಲಿಲ್ಲ. ಅಷ್ಟರಲ್ಲಿ ಅತ್ತೆ ಮಗಳ ಮದುವೆ ಬಂತು. ಒಂದು ಅಂಗಡಿಯಲ್ಲಿ ಕೇಳಿದೆ. ಚೀಟಿ ಗೀಟಿ ಏನೂ ಕೇಳದೆ ಟ್ಯೂಬ್ ಕೊಟ್ಟರು. ನೂರು ರೂಪಾಯಿಯೂ ಆಗಲಿಲ್ಲ.

ನಿಜ ಹೇಳಬೇಕು, ಮೊದಲ ಎಂಟು ದಿನ ಪವಾಡವೇ. ಕೆಂಪು ಇಳಿಯಿತು, ಗುಳ್ಳೆ ಬತ್ತಿತು, ಮುಖ ಬೆಳ್ಳಗಾಯಿತು. ಮದುವೆಯಲ್ಲಿ ಎಲ್ಲರೂ ಏನು ಹಚ್ಚುತ್ತೀಯ ಅಂತ ಕೇಳುವವರೇ. ನಾನು ಹೇಳಿದೆ ಕೂಡ. ಇಬ್ಬರು ಹುಡುಗಿಯರು ನನ್ನ ಮಾತು ಕೇಳಿ ತಗೊಂಡರು. ಅದು ಈಗಲೂ ಚುಚ್ಚುತ್ತದೆ.

ಮೂರ್ನಾಲ್ಕು ತಿಂಗಳು ಬಿಡದೆ ಹಚ್ಚಿದೆ. ಒಂದು ದಿನ ಹಚ್ಚದಿದ್ದರೆ ಕೆನ್ನೆ ಉರಿಯುತ್ತಿತ್ತು. ಬಿಸಿಲಿಗೆ ಹೋದರೆ ಮುಖ ಮೆಣಸಿನಕಾಯಿ ಅರೆದು ಬಳಿದ ಹಾಗೆ. ಚರ್ಮ ತೆಳ್ಳಗಾಗಿ ಕೆಂಪು ನರಗಳು ಕಾಣತೊಡಗಿದವು, ಕೆನ್ನೆ ಮೇಲೆ ಕೂದಲು ಬಂತು. ಮೊಡವೆ ಮೊದಲಿಗಿಂತ ಜಾಸ್ತಿ ಎದ್ದವು. ಬ್ಯಾರನ್ ಹತ್ತಿರ ನಿಲ್ಲಲಾಗದೆ ಅತ್ತಾಗ ಅಪ್ಪ ಮೈಸೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು.

ಅಲ್ಲಿನ ಚರ್ಮದ ಡಾಕ್ಟರಮ್ಮ ಟ್ಯೂಬ್ ನೋಡಿದವರೇ "ಇದು ಸ್ಟೀರಾಯ್ಡ್" ಅಂದರು. ಇಸುಬಿನಂಥ ಕಾಯಿಲೆಗೆ ಸ್ವಲ್ಪ ದಿನ ಡಾಕ್ಟರು ಕೊಡುವ ಔಷಧಿಯಂತೆ. ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಅದಕ್ಕೆ ಒಗ್ಗಿಹೋಗುತ್ತದೆ, ಬಿಟ್ಟ ಕೂಡಲೇ ಕೆರಳುತ್ತದೆ. ಚೀಟಿ ಇಲ್ಲದೆ ಇಂಥ ಮುಲಾಮು ಮಾರಬಾರದು ಅಂತ 2018ರಲ್ಲೇ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್‌ಗಳನ್ನು ಪಟ್ಟಿ ಮಾಡಿ ಆದೇಶ ಮಾಡಿದೆ. ಆದರೂ ಸಿಗುತ್ತಿದೆ. ನಿಮ್ಮ ಮನೆಯ ಟ್ಯೂಬ್ ಮೇಲೆ ಬೆಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಎಂಬ ಹೆಸರಿದೆಯೇ ನೋಡಿ. ಇಂಗ್ಲಿಷ್ ಓದಲು ಕಷ್ಟವಾದರೆ ಫೋಟೋ ತೆಗೆದು ಆಸ್ಪತ್ರೆಯ ನರ್ಸಮ್ಮನಿಗೆ ತೋರಿಸಿ. ಬಹಳ ದಿನ ಹಚ್ಚಿದ್ದರೆ ನೀವೇ ದಿಢೀರ್ ನಿಲ್ಲಿಸಬೇಡಿ, ಡಾಕ್ಟರನ್ನು ಕಂಡು ಬಿಡಿಸಿಕೊಳ್ಳಿ. ನನಗೆ ಸರಿಹೋಗಲು ಒಂದು ವರ್ಷದ ಮೇಲೆ ಹಿಡಿಯಿತು. ಎಡಗೆನ್ನೆಯ ನರ ಇನ್ನೂ ಇದೆ.

ಅವರು ಹೇಳಿದ ಇನ್ನೊಂದು ಮಾತು: ಮೊಡವೆ ಕೊಳೆಯಿಂದ ಬರುವುದಲ್ಲ. ಹರೆಯದಲ್ಲಿ ಚರ್ಮದೊಳಗಿನ ಎಣ್ಣೆ ಗ್ರಂಥಿಗಳು ಹೆಚ್ಚು ಎಣ್ಣೆ ಬಿಡುತ್ತವೆ. ಎಣ್ಣೆಯೂ ಸತ್ತ ಚರ್ಮವೂ ಸೇರಿ ರಂಧ್ರ ಮುಚ್ಚಿಕೊಂಡು ಒಳಗೆ ಬ್ಯಾಕ್ಟೀರಿಯಾ ಬೆಳೆಯುತ್ತದೆ. ನಾನು ದಿನಕ್ಕೆ ಆರು ಸಲ ಸೋಪು ಹಾಕಿ ಉಜ್ಜುತ್ತಿದ್ದೆ, ಅದರಿಂದ ಇನ್ನೂ ಕೆರಳಿತ್ತು. ಎರಡು ಸಲ ಸಾಕು, ಬೆವರಿದ ಮೇಲೆ ಇನ್ನೊಂದು ಸಲ. ಹೊಲದಿಂದ ಬಂದವರು ಮೊದಲು ಕೈ ತೊಳೆದು ಆಮೇಲೆ ಮುಖ ಮುಟ್ಟಿ. ತಲೆಗೆ ಎಣ್ಣೆ ಹಚ್ಚಿದ ದಿನ ಹಣೆಗೆ ಇಳಿಯದ ಹಾಗೆ ಕೂದಲು ಕಟ್ಟಿ. ದಿಂಬಿನ ಬಟ್ಟೆ ವಾರಕ್ಕೊಮ್ಮೆಯಾದರೂ ಒಗೆಯಿರಿ. ಇದಕ್ಕೆಲ್ಲ ಖರ್ಚೇ ಇಲ್ಲ. ಹಣೆಯ ಗುಳ್ಳೆ ಅರ್ಧ ಕಮ್ಮಿಯಾಗಿದ್ದು ನನಗೆ ಇದರಿಂದಲೇ.

ಅಜ್ಜಿಯ ಕಡಲೆಹಿಟ್ಟು, ಲೋಳೆಸರ ಎರಡನ್ನೂ ಡಾಕ್ಟರಮ್ಮ ಬೇಡ ಅನ್ನಲಿಲ್ಲ. ಹಿಟ್ಟು ಮೆತ್ತಗೆ ಹಚ್ಚಿ ತೊಳೆಯಬೇಕು, ಉಜ್ಜಬಾರದು. ಅರಿಶಿನ ಚಿಟಿಕೆಯಷ್ಟು ಸಾಕು. ಅಂಗಡಿಯ ಪುಡಿಗೆ ಬಣ್ಣ ಬೆರೆಸಿರುವುದೂ ಉಂಟು, ಕೊಂಬು ತಂದು ಮನೆಯಲ್ಲೇ ಕುಟ್ಟಿದರೆ ಒಳ್ಳೆಯದು. ಏನೇ ಹೊಸದು ಹಚ್ಚುವುದಿದ್ದರೂ ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ ಒಂದು ದಿನ ನೋಡಿ. ನಿಂಬೆಹಣ್ಣು ಉಜ್ಜಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆಯಾಗಬಹುದು. ಟೂತ್‌ಪೇಸ್ಟ್, ಅಡುಗೆ ಸೋಡಾ ಹತ್ತಿರವೂ ಬೇಡ. ಫೋನಿನಲ್ಲಿ ಬರುವ ವಿಡಿಯೋಗಳ ತುಂಬ ಇವೇ ಇರುತ್ತವೆ.

ದೊಡ್ಡ ಗಂಟುಗಂಟಾದ, ನೋಯುವ, ಕುಳಿ ಬೀಳುವ ಮೊಡವೆಗೆ ಇವು ಯಾವುವೂ ಸಾಲವು. ಹುಡುಗಿಯರಿಗೆ ಮುಟ್ಟು ಏರುಪೇರಾಗಿ ಜೊತೆಗೆ ಮೊಡವೆಯೂ ಇದ್ದರೆ ಡಾಕ್ಟರಿಗೆ ಎರಡನ್ನೂ ಹೇಳಬೇಕು. ನನಗೆ ಆಮೇಲೆ ಬೆಂಜಾಯಿಲ್ ಪೆರಾಕ್ಸೈಡ್ ಎಂಬ ಮುಲಾಮು ಬರೆದುಕೊಟ್ಟರು. ಗುಣ ಕಾಣಲು ಎರಡು ಮೂರು ತಿಂಗಳು ಬೇಕಾಯಿತು. ಅವ್ವನ ಹೊಸ ಟವೆಲ್ ಬಣ್ಣ ಬಿಟ್ಟಿದ್ದಕ್ಕೆ ಬೈಸಿಕೊಂಡೆ. ಅದು ಬಟ್ಟೆಯ ಬಣ್ಣ ತೆಗೆಯುತ್ತದೆ ಅಂತ ಯಾರಿಗೆ ಗೊತ್ತಿತ್ತು!

ಪಕ್ಕದ ಮನೆ ಹುಡುಗಿ ಎಲ್ಲ ಕೇಳಿಸಿಕೊಂಡಳು. ನನ್ನ ಕೆನ್ನೆಯ ನರದ ಮೇಲೆ ಬೆರಳಿಟ್ಟು ನೋಡಿದಳು. "ನಾನು ಹಚ್ಕಳಕ್ ಸುರು ಮಾಡಿ ಆಗಲೇ ಹತ್ ದಿನ ಆಯ್ತು ಅಕ್ಕ" ಅಂದಳು ಮೆಲ್ಲಗೆ. ಅವರ ಅವ್ವನಿಗೆ ಗೊತ್ತಿಲ್ಲವಂತೆ. ಗುರುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಇಬ್ಬರೂ ಮೈಸೂರಿಗೆ ಹೋಗುತ್ತಿದ್ದೇವೆ. ಟ್ಯೂಬ್ ನನ್ನ ಬ್ಯಾಗಿನಲ್ಲಿದೆ.