ಕಾಟ್ ಹಾಕಿದ ಸೊನ್ನೆ

ಮಳಖೇಡದಲ್ಲಿರುವ ಅಕ್ಕನ ಮಗಳಿಗೆ ಗಣಗಳ ಪಾಠವನ್ನು ಲೇಟೆಕ್‌ನಲ್ಲಿ ಜೋಡಿಸಿ ಕೊಟ್ಟಿದ್ದೆ. "ಮಾಮಾ, ಈ ಸೊನ್ನಿಗಿ ಯಾಕ ಕಾಟ್ ಹಾಕೀರಿ?" ಅಂದಳು.

ಅದು ಸೊನ್ನೆಯಲ್ಲ, ಶೂನ್ಯ ಗಣ. ಸೊನ್ನೆಯೊಂದನ್ನೇ ಇಟ್ಟ ಗಣದಲ್ಲೂ ಒಂದು ಸದಸ್ಯ ಇರುತ್ತೆ. ಶೂನ್ಯ ಗಣದಲ್ಲಿ ಏನೂ ಇರಲ್ಲ. ಆದರೆ ತಪ್ಪು ಅವಳದಲ್ಲ. ಡೊನಾಲ್ಡ್ ಕ್ನೂತ್ ರೂಪಿಸಿದ ಕಂಪ್ಯೂಟರ್ ಮಾಡರ್ನ್ ಫಾಂಟಿನಲ್ಲಿ ಆ ಚಿಹ್ನೆ ಸಪೂರ ಸೊನ್ನೆಗೆ ಓರೆಗೆರೆ ಎಳೆದಂತೆಯೇ ಇದೆ. ಉಳಿದದ್ದೆಲ್ಲ ಹಾಗೇ ಬಿಟ್ಟು, ಎರಡು ಸಾಲು ಕೋಡ್ ಬರೆದು, ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ಫಾಂಟಿನಿಂದ ದುಂಡನೆಯ ಚಿಹ್ನೆ ಒಂದನ್ನೇ ತಂದು ಕೂರಿಸಿದೆ.

ಈ ಊರು ರಾಷ್ಟ್ರಕೂಟರ ರಾಜಧಾನಿಯಾಗಿತ್ತು. 9ನೇ ಶತಮಾನದಲ್ಲಿ, ಅಮೋಘವರ್ಷನ ಕಾಲದ ಮಹಾವೀರಾಚಾರ್ಯರು ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದು ಎಂದು ಬರೆದಿದ್ದರು. ಸೊನ್ನೆ ಅಂಥವರನ್ನೇ ಎಡವಿಸಿದೆ. ಹುಡುಗಿಯ ದಾರಿಯಲ್ಲಿ ನಾನೂ ಒಂದು ಕಲ್ಲು ಇಡೋದು ಬೇಡ ಅನ್ನಿಸಿತು.