ಕಚೇರಿಯ ಕುಂಡ

ಸರ್ಕಾರಿ ಕಚೇರಿಯಲ್ಲಿ ಪ್ರತಿಯೊಂದು ಪದಾರ್ಥಕ್ಕೂ ಒಂದು ನೆಲೆಯುಂಟು. ಕುರ್ಚಿಗೆ ನಂಬರಿದೆ, ಬೀರುವಿಗೆ ನಂಬರಿದೆ, ತಿರುಗುವುದನ್ನು ಎಂದೋ ಬಿಟ್ಟ ಪಂಖಕ್ಕೂ ದಾಸ್ತಾನು ಪುಸ್ತಕದಲ್ಲಿ ಒಂದು ಸಾಲಿದೆ. ಕಿಟಕಿಯ ಬಳಿಯ ಹೂಕುಂಡ ಮಾತ್ರ ಎಲ್ಲರದೂ ಹೌದು. ಆದಕಾರಣ ಯಾರದೂ ಅಲ್ಲ. ಎಲ್ಲರದೂ ಎಂದು ನಾಲ್ವರು ನಾಲ್ಕು ಸಲ ನೀರು ಹೊಯ್ದರೆ ಅದು ಬೇರು ಕೊಳೆತು ಸಾಯುತ್ತದೆ. ಯಾರದೂ ಅಲ್ಲವೆಂದು ಬಿಟ್ಟರೆ ಒಣಗಿ ಸಾಯುತ್ತದೆ. ಸಾವು ಹೇಗೆ ಬಂದರೂ ಹೊಣೆ ಯಾರ ಮೇಲೂ ಬರುವುದಿಲ್ಲ. ಈ ವಿಷಯದಲ್ಲಿ ಕುಂಡಕ್ಕೂ ಕೆಲವು ಕಡತಗಳಿಗೂ ಬಹಳ ಹೋಲಿಕೆ.

ದೆಹಲಿಯಲ್ಲಿ ಗುಮಾಸ್ತಿಕೆ ಮಾಡುವ ನಮ್ಮಂಥವರಿಗೆ ಕುಂಡದ ಮೇಲೆ ಪ್ರೀತಿ ಹುಟ್ಟಿದ್ದು ಹೂವಿನ ಆಸೆಯಿಂದಲ್ಲ, ಗಾಳಿಯ ಭಯದಿಂದ. ದೀಪಾವಳಿ ಕಳೆಯುವ ಹೊತ್ತಿಗೆ ಇಲ್ಲಿಯ ಆಕಾಶ ಹೊಗೆಯ ಕಂಬಳಿ ಹೊದ್ದುಕೊಳ್ಳುತ್ತದೆ. ೨೦೧೬ರ ನವೆಂಬರಿನಲ್ಲಿ ಆ ಹೊಗೆಯಿಂದಾಗಿ ಶಾಲೆಗಳನ್ನೇ ಮುಚ್ಚಬೇಕಾಯಿತು. ಅಂಥ ದಿನಗಳಲ್ಲಿ, ಮೇಜಿನ ಮೇಲೊಂದು ಗಿಡವಿಟ್ಟರೆ ಗಾಳಿ ಶುದ್ಧವಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬದಿರುವುದು ಹೇಗೆ?

ಈ ನಂಬಿಕೆಗೆ ಒಂದು ಮೂಲವುಂಟು. ೧೯೮೯ರಲ್ಲಿ ಅಮೆರಿಕದ ನಾಸಾ ಸಂಸ್ಥೆಯ ವುಲ್ವರ್ಟನ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಕೆಲವು ಮನೆಗಿಡಗಳನ್ನು ಗಾಳಿಯಾಡದ ಪೆಟ್ಟಿಗೆಗಳಲ್ಲಿಟ್ಟು, ಒಳಗೆ ಬೆಂಜೀನ್ ಮೊದಲಾದ ವಿಷವಾಯುಗಳನ್ನು ಬಿಟ್ಟು ನೋಡಿದರು. ವಾಯು ಕಡಿಮೆಯಾಯಿತು. ಪರೀಕ್ಷೆ ಸುಳ್ಳಲ್ಲ. ಆದರೆ ನಮ್ಮ ಕಚೇರಿ ಮುಚ್ಚಿದ ಪೆಟ್ಟಿಗೆಯಲ್ಲ. ಬಾಗಿಲು ದಿನಕ್ಕೆ ಇನ್ನೂರು ಸಲ ತೆರೆಯುತ್ತದೆ. ೨೦೧೯ರಲ್ಲಿ ಕಮಿಂಗ್ಸ್ ಮತ್ತು ವೇರಿಂಗ್ ಎಂಬ ಇಬ್ಬರು ವಿಜ್ಞಾನಿಗಳು ಇಂಥ ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಕಟ್ಟಡದ ಗಾಳಿ ತಾನಾಗಿ ಒಳಗೆ ಹೊರಗೆ ಆಡುವುದರಿಂದ ಆಗುವಷ್ಟು ಕೆಲಸವನ್ನು ಗಿಡಗಳೇ ಮಾಡಬೇಕಾದರೆ ಒಂದು ಚದರ ಮೀಟರ್ ನೆಲಕ್ಕೆ ಹತ್ತರಿಂದ ಸಾವಿರ ಗಿಡಗಳು ಬೇಕು ಎಂದು ಅವರ ತೀರ್ಮಾನ. ನಮ್ಮ ವಿಭಾಗ ಅರವತ್ತು ಚದರ ಮೀಟರ್ ಇದ್ದೀತು. ಕಡಿಮೆಯೆಂದರೂ ಆರುನೂರು ಕುಂಡ! ಅಷ್ಟನ್ನು ಒಳಗಿಟ್ಟರೆ ಗುಮಾಸ್ತರು ಹೊರಗೆ ನಿಲ್ಲಬೇಕು. ಸಾಲದ್ದಕ್ಕೆ ಆ ಪರೀಕ್ಷೆಗಳು ವಾಯುವಿನ ಮೇಲೆ. ದೆಹಲಿಯ ಹೊಗೆಯಲ್ಲಿ ಹೆಚ್ಚು ಅಪಾಯವೆನ್ನುವುದು ತಲೆಗೂದಲಿನ ದಪ್ಪದಲ್ಲಿ ಸುಮಾರು ಮೂವತ್ತನೆಯ ಒಂದು ಪಾಲಿನಷ್ಟಿರುವ ಸೂಕ್ಷ್ಮ ಕಣ.

ಈ ಲೆಕ್ಕ ಬರಿಯ ಹರಟೆಯಲ್ಲ ಎಂಬುದು ನಮಗೆ ತಿಳಿದದ್ದು ಬಳ್ಳಾರಿ ಕಡೆಯ ನಮ್ಮ ಮಿತ್ರರೊಬ್ಬರಿಂದ. ಅವರ ಒಂಬತ್ತು ವರ್ಷದ ಮಗಳಿಗೆ ಉಬ್ಬಸ. ಚಳಿಗಾಲ ಬಂತೆಂದರೆ ಗಂಡಹೆಂಡಿರಿಗೆ ರಾತ್ರಿ ನಿದ್ದೆಯಿಲ್ಲ. ಗಿಡಗಳ ಮಹಿಮೆಯನ್ನು ಎಲ್ಲಿಯೋ ಕೇಳಿ, ಸಂಬಳದ ದಿನ ನರ್ಸರಿಗೆ ಹೋಗಿ ಹನ್ನೆರಡು ಕುಂಡ ತಂದು ಮಗುವಿನ ಕೋಣೆಯಲ್ಲಿ ಸಾಲಾಗಿ ಜೋಡಿಸಿದರು. ಕಿಟಕಿ ಮುಚ್ಚಿ, ದಿನವೂ ತಪ್ಪದೆ ನೀರು ಹೊಯ್ದರು. ಮೂರು ವಾರದಲ್ಲಿ ಮಣ್ಣಿನ ಮೇಲೆ ಬಿಳಿಯ ಬೂಷ್ಟು ಹಿಡಿಯಿತು. ವೈದ್ಯರು ಕೇಳಿ, “ರಾಯರೇ, ಗಿಡಗಳು ಮಗುವಿನ ಔಷಧಿಯ ಕೆಲಸ ಮಾಡಲಾರವು. ಸದಾ ಹಸಿಯಾಗಿರುವ ಮಣ್ಣಿನ ಬೂಷ್ಟು ಉಬ್ಬಸದವರಿಗೆ ಒಳ್ಳೆಯದೂ ಅಲ್ಲ. ಔಷಧಿಯನ್ನು ಹೊತ್ತಿಗೆ ಸರಿಯಾಗಿ ಕೊಡಿ, ಕೈಲಾದರೆ ಗಾಳಿ ಶೋಧಿಸುವ ಯಂತ್ರವೊಂದನ್ನು ಇಡಿ” ಎಂದರು. ಮಿತ್ರರು ಭವಿಷ್ಯನಿಧಿಯಿಂದ ಮುಂಗಡ ತೆಗೆದು ಯಂತ್ರ ಕೊಂಡರು. ಮಗುವಿನ ಕೆಮ್ಮು ಹತೋಟಿಗೆ ಬಂತು.

ಕುಂಡಗಳ ಗತಿ? ಹನ್ನೊಂದು ಕುಂಡಗಳು ಆಟೋರಿಕ್ಷಾ ಏರಿ ನಮ್ಮ ಕಚೇರಿಗೆ ಬಂದವು. ಹನ್ನೆರಡನೆಯದನ್ನು ಮಗು ಬಿಡಲಿಲ್ಲ. ಅದು ಕತ್ತಿಯಂತೆ ನೆಟ್ಟಗೆ ನಿಲ್ಲುವ ಎಲೆಗಳ ಸ್ನೇಕ್ ಪ್ಲಾಂಟ್. ನೀರು ಕಡಿಮೆ ಸಾಕು, ಮಣ್ಣು ಒಣಗಿಯೇ ಇರಬಹುದು. ಅದನ್ನು ಬಾಲ್ಕನಿಯಲ್ಲಿಡಲು ಒಪ್ಪಿಗೆಯಾಯಿತು. ಹೊಸ ಎಲೆ ಮೂಡಿದ ತಾರೀಖನ್ನು ಮಗು ನೋಟುಪುಸ್ತಕದಲ್ಲಿ ಬರೆದಿಡುತ್ತದಂತೆ. “ಗಿಡದಿಂದ ಗಾಳಿ ಶುದ್ಧವಾಗಲಿಲ್ಲ, ಸ್ವಾಮಿ. ಆದರೆ ಬೆಳಿಗ್ಗೆ ಎದ್ದೊಡನೆ ಅವಳು ತನ್ನ ಕಾಯಿಲೆಯ ಮಾತೆತ್ತುವುದಿಲ್ಲ, ಎಲೆಯ ಮಾತೆತ್ತುತ್ತಾಳೆ” ಎಂದರು ಮಿತ್ರರು. ಗಿಡದಿಂದ ಏನಾಗದು, ಏನಾದೀತು ಎಂಬ ಎರಡನ್ನೂ ಇದಕ್ಕಿಂತ ಚೆನ್ನಾಗಿ ಹೇಳಿದವರನ್ನು ನಾವು ಕಾಣೆವು.

ಪಂಡಿತರ ಮಾತೂ ಇದಕ್ಕೆ ಹೊಂದುತ್ತದೆ. ಅಮೆರಿಕದ ರೋಜರ್ ಉಲ್ರಿಚ್ ಎಂಬವರು ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯ ೧೯೭೨ರಿಂದ ೧೯೮೧ರವರೆಗಿನ ದಾಖಲೆಗಳನ್ನು ತೆಗೆದು ನೋಡಿ ೧೯೮೪ರಲ್ಲಿ ಒಂದು ಲೇಖನ ಪ್ರಕಟಿಸಿದರು. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದವರಲ್ಲಿ, ಕಿಟಕಿಯಿಂದ ಮರಗಳು ಕಾಣುತ್ತಿದ್ದ ೨೩ ಮಂದಿ, ಇಟ್ಟಿಗೆ ಗೋಡೆ ಕಾಣುತ್ತಿದ್ದ ೨೩ ಮಂದಿಗಿಂತ ಬೇಗ ಮನೆಗೆ ಹೋದರು. ತೀವ್ರವಾದ ನೋವಿನ ಮದ್ದನ್ನೂ ಕಡಿಮೆ ತೆಗೆದುಕೊಂಡರು. ಹಳೆಯ ಕಡತಗಳನ್ನು ತಿರುವಿ ಇಂಥ ಮಾತನ್ನು ಹೊರತೆಗೆಯಬಹುದೆಂಬುದು ಗುಮಾಸ್ತರಾದ ನಮಗೆ ಹೆಮ್ಮೆಯ ಸಂಗತಿ.

ಕಚೇರಿಗೆ ಬಂದ ಹನ್ನೊಂದು ಕುಂಡಗಳನ್ನು ನಮ್ಮ ಹಿರಿಯ ಗುಮಾಸ್ತರು ಒಬ್ಬರಿಗೊಂದರಂತೆ ಹಂಚಿ, ಹೆಸರಿನ ಚೀಟಿ ಅಂಟಿಸಿದರು. ಒಂದು ಕುಂಡಕ್ಕೆ ಒಬ್ಬರೇ ಹೊಣೆ; ಅವರು ರಜೆ ಹೋದರೆ ಯಾರಿಗೆ ಒಪ್ಪಿಸಬೇಕೆಂಬುದೂ ಚೀಟಿಯಲ್ಲಿಯೇ ಉಂಟು. ಹಿರಿತನದ ಪಟ್ಟಿಯ ಜಗಳದಿಂದ ಎರಡು ವರ್ಷ ಮಾತು ಬಿಟ್ಟಿದ್ದ ಇಬ್ಬರು ಮಹನೀಯರ ಕುಂಡಗಳು ಒಂದೇ ಕಿಟಕಿಯಲ್ಲಿ ನಿಂತವು. ಒಬ್ಬರ ಎಲೆ ಹಳದಿಯಾದಾಗ ಇನ್ನೊಬ್ಬರು, “ನೀರು ಹೆಚ್ಚಾಯಿತು” ಎಂದರು. ಅಷ್ಟೇ ಮಾತು. ಆದರೆ ಎರಡು ವರ್ಷದಲ್ಲಿ ಅದೇ ಮೊದಲನೆಯದು. ಕಸ ಗುಡಿಸುವ ಹೆಣ್ಣುಮಗಳು ಬುಂದೇಲಖಂಡದ ರೈತರ ಮನೆಯವಳು. ಗಿಡದ ಮರ್ಮ ನಮ್ಮೆಲ್ಲರಿಗಿಂತ ಅವಳಿಗೆ ಚೆನ್ನಾಗಿ ಗೊತ್ತು. ಈಗ ಮೇಜಿನಿಂದ ಮೇಜಿಗೆ “ದೀದಿ, ಇದನ್ನು ಸ್ವಲ್ಪ ನೋಡಿ” ಎಂಬ ಕರೆ. ಅದಕ್ಕೆ ಮುಂಚೆ ಅವಳನ್ನು ಏನೆಂದು ಕರೆಯಬೇಕೆಂಬುದೇ ಅನೇಕರಿಗೆ ತಿಳಿದಿರಲಿಲ್ಲ.

ಕಚೇರಿಯಲ್ಲಿ ಗಿಡ ಇಡಬೇಕೆಂಬ ವಾಚಕರಿಗೆ, ಆ ದೀದಿಯಿಂದಲೂ ಅನುಭವದಿಂದಲೂ ಕಲಿತದ್ದನ್ನು ನಾಲ್ಕು ಮಾತಿನಲ್ಲಿ ಹೇಳುತ್ತೇವೆ. ನೀರು ಹೊಯ್ಯುವ ಮೊದಲು ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡಿ, ಹಸಿಯಿದ್ದರೆ ಬೇಡ. ಬೇರಿಗೂ ಉಸಿರಾಟವುಂಟು; ನೀರು ನಿಂತರೆ ಉಸಿರು ಕಟ್ಟಿ ಕೊಳೆಯುತ್ತದೆ. ಕುಂಡದ ತಳದಲ್ಲಿ ತೂತಿರಬೇಕು. ಕೆಳಗಿನ ತಟ್ಟೆಯ ನೀರನ್ನು ಚೆಲ್ಲಿಬಿಡಬೇಕು. ಡೆಂಗ್ಯೂ ತರುವ ಸೊಳ್ಳೆಗೆ ಅಷ್ಟು ನೀರೇ ಹೆರಿಗೆಮನೆ. ಸೀಸೆಯಲ್ಲಿ ಮನಿ ಪ್ಲಾಂಟ್ ಬೆಳೆಸುವವರು ವಾರಕ್ಕೊಮ್ಮೆ ತಪ್ಪದೆ ನೀರು ಬದಲಿಸಬೇಕು. ದೆಹಲಿಯ ಧೂಳು ಎಲೆಯ ಮೇಲೆ ಕೂತು ಬೆಳಕನ್ನು ತಡೆಯುತ್ತದೆ. ಒದ್ದೆ ಬಟ್ಟೆಯಿಂದ ಒರಸಿರಿ. ಮೇ ತಿಂಗಳ ಮಧ್ಯಾಹ್ನದ ಬಿಸಿಲೂ ಏ.ಸಿ.ಯ ನೇರ ಗಾಳಿಯೂ ಬೇಡ. ಚಳಿಗಾಲದಲ್ಲಿ ನೀರು ಅರ್ಧ ಸಾಕು, ಗೊಬ್ಬರ ಬೇಡವೇ ಬೇಡ. ಮಿಕ್ಕ ಚಹಾವನ್ನು ಕುಂಡಕ್ಕೆ ಸುರಿಯುವ ಔದಾರ್ಯವನ್ನು ದಯವಿಟ್ಟು ತಡೆಯಿರಿ. ಹಾಲು ಸಕ್ಕರೆಗೆ ಇರುವೆ ಬರುತ್ತದೆ. ಮನೆಗೆ ಒಯ್ಯುವವರು ಒಂದು ಎಚ್ಚರಿಕೆ ಕೇಳಬೇಕು: ಮನಿ ಪ್ಲಾಂಟಿನ ಎಲೆಯಲ್ಲಿ ಸೂಜಿಯಂಥ ಹರಳುಗಳುಂಟು. ಕೂಸಾಗಲಿ ಬೆಕ್ಕಾಗಲಿ ಅಗಿದರೆ ಬಾಯಿ ಉರಿದು ಊದಿಕೊಳ್ಳುತ್ತದೆ, ಕೈಗೆಟುಕದಂತೆ ಇಡಿ.

ಇನ್ನೊಂದು ಮಾತು. ಮನಿ ಪ್ಲಾಂಟಿನ ತವರು ಶಾಂತಸಾಗರದ ನಡುವಣ ಮೊರಿಯಾ ದ್ವೀಪ. ಸ್ನೇಕ್ ಪ್ಲಾಂಟ್ ಪಶ್ಚಿಮ ಆಫ್ರಿಕದ್ದು. ಅರೆಕಾ ಪಾಮ್ ಎಂದು ಮಾರುವ, ನಮ್ಮ ಅಡಕೆಯ ಹೆಸರು ಹೊತ್ತ ಗಿಡ ಮಡಗಾಸ್ಕರಿನದು. ದೆಹಲಿಯ ಕಚೇರಿಯಲ್ಲಿ ಎಲ್ಲರೂ ವಲಸೆಗಾರರೇ. ಇವುಗಳಲ್ಲಿ ಮನಿ ಪ್ಲಾಂಟಿನ ಸ್ವಭಾವ ವಿಚಿತ್ರ: ಕುಂಡದಿಂದ ಇಳಿಬಿಟ್ಟರೆ ಎಲೆ ಅಂಗೈಯನ್ನು ಮೀರುವುದಿಲ್ಲ; ಅದೇ ಬಳ್ಳಿಗೆ ಹತ್ತಲು ಮರ ಸಿಕ್ಕಿದರೆ ಎಲೆ ಮೊರದಷ್ಟಗಲವಾಗುತ್ತದೆ. ಜಾತಿ ಒಂದೇ, ವ್ಯತ್ಯಾಸ ಆಸರೆಯದು. ಸಂಘದ ಸದಸ್ಯರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಮಾರ್ಚಿಯಲ್ಲಿ ನಮ್ಮ ಬಳ್ಳಾರಿಯ ಮಿತ್ರರಿಗೆ ಬೆಂಗಳೂರಿಗೆ ವರ್ಗವಾಯಿತು. ಹೊಣೆ ಒಪ್ಪಿಸುವ ಪಟ್ಟಿಯಲ್ಲಿ ಕಡತಗಳ ಕೆಳಗೆ “ಕುಂಡ, ಒಂದು, ಜೀವಂತ” ಎಂದು ಅವರೇ ಬರೆದು ರುಜು ಹಾಕಿದರು. ಬಾಲ್ಕನಿಯ ಸ್ನೇಕ್ ಪ್ಲಾಂಟ್ ಮಾತ್ರ ಮಗುವಿನ ತೊಡೆಯ ಮೇಲೆ ಕೂತು ಎರಡು ರಾತ್ರಿ ರೈಲಿನಲ್ಲಿ ಪ್ರಯಾಣ ಮಾಡಿತು. ತಲುಪಿದ ವಾರದಲ್ಲಿ ಕಾಗದ ಬಂತು: ಹೊಸ ಎಲೆ ಬಂದಿದೆಯಂತೆ, ತಾರೀಖು ಸಹಿತ.